ಆಗಸ್ಟಿನ ಬಿಸಿಲು ಮತ್ತು ಹನ್ನೊಂದು ತೊಗಲುಗೊಂಬೆ

ಆ ಬೇಸಿಗೆಯಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಮೆರಿಕದ ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚಿನ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ, ಬೆಳಗ್ಗೆ ಎಂಟಕ್ಕೆ ಗಂಡ ಆಫೀಸಿಗೆ ಹೊರಟ ಮೇಲೆ, ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಎಷ್ಟು ಸಲ ಓಡಾಡುತ್ತಿದ್ದೆನೋ. ಧಾರವಾಡದ ಹೈಸ್ಕೂಲೊಂದರಲ್ಲಿ ಆರು ವರ್ಷ ವಿಜ್ಞಾನ ಕಲಿಸಿದವಳು ನಾನು. ದಿನವಿಡೀ ಪಾಠ, ಒಂದೊಂದು ತರಗತಿಯಲ್ಲೂ ಅರವತ್ತು ಮಕ್ಕಳು. ಸಂಜೆಗೆ ಗಂಟಲು ಕಟ್ಟಿರುತ್ತಿತ್ತು. ಇಲ್ಲಿ ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ಸಂಜೆ ಗಂಡ ಬಾಗಿಲು ತಟ್ಟಿದಾಗ ‘ಬಂದೆ’ ಎಂದರೆ ಎಷ್ಟೋ ದಿನ ಅದೇ ಅವರು ಹೋದ ಮೇಲಿನ ನನ್ನ ಮೊದಲ ಮಾತು. ಬಳಸದೆ ಇಟ್ಟ ದನಿ ಒಡೆದು ಬರುತ್ತಿತ್ತು.

ಮೂರನೇ ವರ್ಷಕ್ಕೆ ನಾನು ಲೈಬ್ರರಿಗೆ ನಡೆದು ಹೋಗುವ ಅಭ್ಯಾಸ ಮಾಡಿಕೊಂಡೆ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಆ ರಸ್ತೆಯಲ್ಲಿ ನಡೆಯುವವಳು ನಾನೊಬ್ಬಳೇ. ಒಮ್ಮೆ ಒಬ್ಬ ಅಜ್ಜಿ ಕಾರು ನಿಲ್ಲಿಸಿ, ಗಾಜು ಇಳಿಸಿ, ಏನಾದರೂ ತೊಂದರೆಯಾಗಿದೆಯೇ ಎಂದು ಕೇಳಿದ್ದರು. ಇಲ್ಲ ಎಂದೆ. ನಂಬದೆ ಸ್ವಲ್ಪ ದೂರ ನನ್ನ ಪಕ್ಕದಲ್ಲೇ ನಿಧಾನಕ್ಕೆ ಬಂದರು.

ಲೈಬ್ರರಿಯ ಮಕ್ಕಳ ವಿಭಾಗದಲ್ಲಿ ಪುಸ್ತಕದ ಗಾಡಿ ತಳ್ಳುವ ಒಬ್ಬ ಚೀನೀ ಹುಡುಗಿ ಇದ್ದಳು. ಇಪ್ಪತ್ತೆರಡು ಇರಬಹುದು. ಬೆಳಗ್ಗೆ ಅಲ್ಲಿ ಕೆಲಸ, ಮಧ್ಯಾಹ್ನ ಕಾಲೇಜು. ಒಂದು ದಿನ ಅವಳು ಆ ವಿಭಾಗ ನೋಡಿಕೊಳ್ಳುವ ಹೆಂಗಸಿನ ಜೊತೆ ಮೆಲ್ಲಗೆ ವಾದ ಮಾಡುತ್ತಿದ್ದಳು. ನಾನು ಹಿಂದೆ ಪುಸ್ತಕ ಹಿಡಿದು ನಿಂತಿದ್ದೆ. ಅವರೆಲ್ಲ ಆಡುತ್ತಿದ್ದುದು ಇಂಗ್ಲಿಷು. ನೆನಪಾಗುವಾಗ ಮಾತ್ರ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ.

“ಚೀನೀ ಹೊಸ ವರ್ಷಕ್ಕೆ ಮಾಡೋಣಮ್ಮ. ಆಗ ಜನ ಬರ್ತಾರೆ,” ಎನ್ನುತ್ತಿದ್ದರು ಆ ಹೆಂಗಸು.

“ಹಬ್ಬದ ದಿನ ಬೇಡ. ಹಬ್ಬದ ದಿನ ಎಲ್ರೂ ಕೆಂಪು ಲಾಟೀನು ತೂಗುಹಾಕ್ತಾರೆ, ಮಾರನೇ ದಿನ ತೆಗೀತಾರೆ. ನಂಗೆ ಜುಲೈನಲ್ಲಿ ಒಂದು ಮಂಗಳವಾರ ಕೊಡಿ, ಸಾಕು.”

“ಒಬ್ಬಳೇ ಹೇಗೆ ಆಡಿಸ್ತೀಯ? ಎರಡೇ ಕೈ ನಿಂದು.”

“ಇನ್ನೊಬ್ರು ಸಿಕ್ತಾರೆ.”

“ಯಾರು?”

“ನಾನಿದ್ದೀನಿ,” ಎಂದೆ. ಎಂದುಬಿಟ್ಟೆ ಎನ್ನಬೇಕು. ಏನು ಆಡಿಸುವುದು, ಯಾಕೆ ಆಡಿಸುವುದು ಒಂದೂ ಗೊತ್ತಿರಲಿಲ್ಲ. ಇಬ್ಬರೂ ತಿರುಗಿ ನೋಡಿದರು.

ಮಾರನೆಯ ಸಂಜೆ ಅವಳು ನಮ್ಮ ಮನೆಗೆ ಬಂದಳು, ಕಂಕುಳಲ್ಲಿ ನೀಲಿ ಬಟ್ಟೆಯ ಒಂದು ದೊಡ್ಡ ಹೊತ್ತಿಗೆ ಹಿಡಿದುಕೊಂಡು. ಅದರ ಹಾಳೆಗಳೂ ಬಟ್ಟೆಯವೇ. ಹಾಳೆಗೊಂದರಂತೆ ಹನ್ನೊಂದು ತೊಗಲುಗೊಂಬೆ: ಒಬ್ಬ ಮುದುಕಿ, ಒಬ್ಬ ಅಂಬಿಗ, ಒಂದು ಕತ್ತೆ, ಒಬ್ಬ ಅಧಿಕಾರಿ, ಒಂದು ಬಾಗಿದ ಮರ, ಹೀಗೆ. ಗೇಣು ಮೇಲೆ ನಾಲ್ಕು ಬೆರಳು ಎತ್ತರ, ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಮುದುಕಿಯ ಸೆರಗಿನಂಥ ಬಟ್ಟೆಯ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ತೂತುಗಳ ಸಾಲು.

ಒಂಬತ್ತು ವರ್ಷದವರೆಗೆ ಅವಳು ಚೀನಾದ ಒಂದು ಸಣ್ಣ ಊರಿನಲ್ಲಿ ತಾಯಿಯ ತಂದೆಯ ಜೊತೆ ಬೆಳೆದಳಂತೆ. ಅಜ್ಜ ನೆರಳಾಟದ ಮೇಳದಲ್ಲಿ ಗೊಂಬೆ ಆಡಿಸುವವರು, ವಯಸ್ಸಾಗಿ ತಿರುಗಾಟ ಕಡಿಮೆ ಮಾಡಿದ್ದರು. ಅವಳು ಅಮ್ಮನ ಬಳಿಗೆ ಡಾಲಸ್ಸಿಗೆ ಹೊರಟ ದಿನ ಈ ಹೊತ್ತಿಗೆಯನ್ನು ಕೈಗಿಟ್ಟರು. ಮತ್ತೆ ಅವರನ್ನು ನೋಡಲಾಗಲಿಲ್ಲ. “ಇಲ್ಲಿ ಸ್ಕೂಲಲ್ಲಿ ಚೀನಾ ಅಂದ್ರೆ ಡ್ರ್ಯಾಗನ್ನು, ನೂಡಲ್ಸು, ಅಷ್ಟೇ. ಟೀಚರ್ ವರ್ಷಕ್ಕೊಂದು ಸಲ ನನ್ನ ಎದ್ದು ನಿಲ್ಲಿಸಿ ಎಲ್ರಿಗೂ ವಿಶ್ ಮಾಡು ಅಂತಿದ್ರು. ಉಳಿದ ದಿನ ಯಾರೂ ಏನೂ ಕೇಳ್ತಿರಲಿಲ್ಲ,” ಎಂದಳು. “ನಂಗೆ ಇದನ್ನ ಊರೂರಿಗೆ ಒಯ್ಯಬೇಕು. ಡಾಲಸ್, ಹ್ಯೂಸ್ಟನ್, ಆಸ್ಟಿನ್, ಎಲ್ಲೆಲ್ಲಿ ಕರೀತಾರೋ ಅಲ್ಲಿಗೆ. ಸುಮ್ನೆ ಒಂದು ವಾರದ ದಿನ, ಜನ ಬೇರೇನೋ ಕೆಲಸಕ್ಕೆ ಬಂದಾಗ ಇದು ಕಣ್ಣಿಗೆ ಬೀಳಬೇಕು.”

ನಾನು ಕತ್ತೆಯ ಗೊಂಬೆಗೆ ಕೈ ಹಾಕಿದೆ. “ಇದು ಯಾವ ತೊಗಲು?”

“ಹಸುವಿನದು.”

ಕೈ ತಾನಾಗಿ ಹಿಂದೆ ಬಂತು. ಅವಳು ನೋಡಿದಳು. ಬಾಗಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿ ಕಾಣುತ್ತಿತ್ತು. ಅದು ಯಾವುದರ ಚರ್ಮ ಎಂದು ನಾನು ಎಂದೂ ಕೇಳಿರಲಿಲ್ಲ. ಮತ್ತೆ ಕೈ ಹಾಕಿ ಗೊಂಬೆ ಎತ್ತಿಕೊಂಡೆ. ಆದರೂ ಆ ವಾರ ಅತ್ತೆಗೆ ಫೋನ್ ಮಾಡಿದಾಗ ಕಾಗದದ ಗೊಂಬೆ ಎಂದೇ ಹೇಳಿದೆ.

ಪರದೆಗೆ ಬಿಳಿ ಬಟ್ಟೆ ಬೇಕಾಗಿತ್ತು. ಪೆಟ್ಟಿಗೆಯ ತಳದಲ್ಲಿದ್ದ ಗಂಡನ ಮದುವೆಯ ಧೋತರ ತೆಗೆದು ಎರಡು ಕುರ್ಚಿಗಳ ನಡುವೆ ಕಟ್ಟಿದೆ. ಹೆದ್ದಾರಿ ಸೇತುವೆಗಳ ನಕ್ಷೆ ಮಾಡುವ ಇಂಜಿನಿಯರ್ ಅವರು. ಕಟ್ಟಿದ್ದನ್ನು ಸುತ್ತು ಹಾಕಿ ನೋಡಿದರು.

“ಮದುವಿ ಧೋತರನ ಆಗಬೇಕಿತ್ತೇನು ನಿನಗ?”

“ಮತ್ತ ನೀವು ಉಟ್ಕೋತೀರೇನ್ರಿ ಅದನ್ನ? ಬಂದಾಗಿಂದ ಪೆಟ್ಟಿಗ್ಯಾಗ ಬಿದ್ದೈತಿ.”

“ಅಲ್ಲ, ನಡುವ ಜೋತು ಬಿದ್ದೈತಿ. ಬಿಗಿ ಕಟ್ಟಬೇಕು,” ಎಂದು ತಾವೇ ಬಿಚ್ಚಿ ಮತ್ತೆ ಕಟ್ಟಿಕೊಟ್ಟರು.

ಮನುಷ್ಯರ ಗೊಂಬೆಗಳಿಗೆಲ್ಲ ಮೂರು ಕಡ್ಡಿ: ಕತ್ತಿನ ಬಳಿ ಒಂದು, ಕೈಗೊಂದೊಂದು. ಗೊಂಬೆ ಪರದೆಗೆ ಒರಗಿರಬೇಕು, ಆದರೆ ಒತ್ತಬಾರದು. ಸ್ವಲ್ಪ ಹಿಂದೆ ಸರಿದರೂ ನೆರಳು ಮಸುಕಾಗುತ್ತದೆ. ನನ್ನ ಮಣಿಕಟ್ಟು ಮೊದಲ ವಾರ ಉರಿಯುತ್ತಿತ್ತು. ಅವಳ ಅಜ್ಜ ಆಡಿಸುತ್ತಿದ್ದ ಒಂದು ಸಣ್ಣ ನಗೆಯಾಟವನ್ನೇ ತೆಗೆದುಕೊಂಡೆವು: ಒಬ್ಬ ಮುದುಕಿ ಕತ್ತೆ ಜೊತೆ ಹೊಳೆ ದಾಟಬೇಕು, ಕತ್ತೆ ದೋಣಿ ಹತ್ತಲು ಒಪ್ಪುವುದಿಲ್ಲ. ಮುದುಕಿ ಮತ್ತು ಅಂಬಿಗ ಅವಳ ಕೈಯಲ್ಲಿ, ಕತ್ತೆ ನನ್ನ ಕೈಯಲ್ಲಿ. ಅವಳು ನನ್ನನ್ನು ‘ಜ್ಯೇಜ್ಯೇ’ ಎನ್ನತೊಡಗಿದಳು. ಅಕ್ಕ ಎಂದರ್ಥವಂತೆ. ಆ ಒಂದೂವರೆ ತಿಂಗಳು ನಾನು ಬಾಲ್ಕನಿಗೆ ಹೋದದ್ದು ಬಟ್ಟೆ ಒಣಹಾಕಲು ಮಾತ್ರ.

ಜುಲೈನ ಮಂಗಳವಾರ ಹದಿನಾಲ್ಕು ಮಕ್ಕಳು ಬಂದರು. ಅರ್ಧದಷ್ಟು ಮಕ್ಕಳು ಎಸಿ ತಂಪಿಗೆ ಬಂದವರು ಅನಿಸುತ್ತದೆ. ಕತ್ತೆ ಹಿಂದಕ್ಕೆ ಸರಿದು ಕೂತುಬಿಟ್ಟಾಗ ಪರದೆಯಾಚೆ ಒಂದು ಮಗು ನಕ್ಕಿತು, ಆಮೇಲೆ ಎಲ್ಲವೂ ನಕ್ಕವು. ಮೂರು ವರ್ಷವಾಗಿತ್ತು ಒಂದು ಕೋಣೆಯ ಮಕ್ಕಳು ನನ್ನಿಂದ ನಕ್ಕು. ಆಟ ಮುಗಿದ ಮೇಲೆ ಒಬ್ಬ ತಾಯಿ ಬಂದು, “ಇದು ಇಂಡಿಯಾದ್ದಾ?” ಎಂದು ಕೇಳಿದರು. ಅಲ್ಲ, ಚೀನಾದ್ದು ಎಂದೆ. “ಹಾಗಾದ್ರೆ ನೀವು ಯಾಕೆ?” ಎಂದರು, ಕೊಂಕಿನಿಂದಲ್ಲ, ನಿಜವಾಗಿ ತಿಳಿಯದೆ. ಅಷ್ಟರಲ್ಲಿ ಅವರ ಮಗು ಅವರನ್ನು ಎಳೆದುಕೊಂಡು ಹೋಯಿತು.

ಹುಡುಗಿ ಅದೇ ವಾರ ಹತ್ತಾರು ಕಡೆ ಇಮೇಲ್ ಕಳಿಸಿದಳು. ಎರಡು ಕಡೆಯಿಂದ ಉತ್ತರ ಬಂತು. ಹ್ಯೂಸ್ಟನ್ ಬಳಿಯ ಕ್ಲಿಯರ್ ಲೇಕಿನ ಒಂದು ಸಭಾಭವನದಲ್ಲಿ ಚೀನೀ ಹಿರಿಯರು ಶನಿವಾರ ಸೇರುತ್ತಾರೆ, ಆಗಸ್ಟಿನಲ್ಲಿ ಬನ್ನಿ ಎಂದರು. ಆಸ್ಟಿನ್ನಿನ ಒಂದು ಶಾಲೆ ಅಕ್ಟೋಬರಿನಲ್ಲಿ ಕರೆಯಿತು. ಅವಳಿಗೆ ಕ್ಲಿಯರ್ ಲೇಕಿನದೇ ದೊಡ್ಡದು. “ಅಲ್ಲಿ ಕೂತಿರೋರು ಊರಲ್ಲಿ ನಿಜವಾದ್ದನ್ನ ನೋಡಿದೋರು, ಜ್ಯೇಜ್ಯೇ. ಅಲ್ಲಿ ಪೂರ್ತಿ ಚೈನೀಸಲ್ಲೇ ಆಡ್ತೀನಿ,” ಎಂದಳು.

ಮನೆಯಲ್ಲಿ ಗಂಡ ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು: “ವೀಸಾ ಎಕ್ಸ್‌ಟೆನ್ಷನ್ ಕಾಗದ ಇನ್ನೂ ಬಂದಿಲ್ಲ. ನೀ ಊರೂರು ತಿರುಗಿ ಆಟ ಆಡಿಸ್ತೀನಿ ಅಂದ್ರ, ನಾಳೆ ಯಾರರ ಅದನ್ನ ಕೆಲಸ ಅಂದ್ರ?”

“ಕೆಲಸ ಅಲ್ರಿ ಅದು. ಸುಮ್ನ ಹೋಗಿ ಬರ್ತೀನಿ.”

“ಸುಮ್ನ ಕೂಡ್ರಾಕ ಆಗಂಗಿಲ್ಲ ನಿನಗ.”

“ಹೌದ್ರಿ. ಆಗಂಗಿಲ್ಲ.”

ಹೊರಡುವ ಬೆಳಗ್ಗೆ ಅವರೇ ಟೈರುಗಳ ಗಾಳಿ ನೋಡಿ, ಕಾರಿನಲ್ಲಿ ನೀರಿನ ಬಾಟಲಿಗಳನ್ನಿಟ್ಟಿದ್ದರು.

ಡಾಲಸ್ಸಿನಿಂದ ಕ್ಲಿಯರ್ ಲೇಕಿಗೆ ನಾಲ್ಕು ಗಂಟೆಗಿಂತ ಹೆಚ್ಚಿನ ಹಾದಿ. ಅವಳಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ನನಗೆ ಲೈಸೆನ್ಸ್ ಸಿಕ್ಕಿ ಒಂದು ವರ್ಷವಾಗಿತ್ತು. ದಾರಿಯುದ್ದಕ್ಕೂ ಅವಳು ಮುದುಕಿಯ ಮಾತುಗಳನ್ನು ಒಪ್ಪಿಸುತ್ತ ಬಂದಳು. ನಾವು ಎರಡು ಗಂಟೆ ಮೊದಲೇ ತಲುಪಿದೆವು. ಭವನದ ಬಾಗಿಲು ಇನ್ನೂ ತೆರೆದಿರಲಿಲ್ಲ. ನೆರಳಿಲ್ಲದ ಪಾರ್ಕಿಂಗಿನಲ್ಲಿ, ಎಸಿ ಹಾಕಿಕೊಂಡು ಕಾರಿನಲ್ಲೇ ಕಾಯೋಣ ಎಂದಳು ಅವಳು. ಹತ್ತು ನಿಮಿಷ ಕೂತೆ. ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟಿದೆ. ರಸ್ತೆಯಾಚೆ ಮರಗಳ ಸಂದಿಯಲ್ಲಿ ನೀರು ಹೊಳೆಯುತ್ತಿತ್ತು.

“ಇಷ್ಟು ದೂರ ಬಂದು ನೀರು ನೋಡದೆ ಹೋಗೋದಾ? ಬಾ, ಹತ್ತು ನಿಮಿಷ.”

“ಗೊಂಬೆ?”

“ಡಿಕ್ಕಿಯಲ್ಲಿರಲಿ. ಯಾರು ಒಯ್ತಾರೆ?”

“ಒಯ್ಯೋದಲ್ಲ, ಜ್ಯೇಜ್ಯೇ...” ಎಂದು ಏನೋ ಹೇಳಹೊರಟಳು. ನಾನು ಆಗಲೇ ಕಾರಿನ ಬಾಗಿಲು ತೆಗೆದಿದ್ದೆ.

ನೀರಿನ ಅಂಚಿನಲ್ಲಿ ಮರದ ಹಲಗೆಯ ಸೇತುವೆ, ದೋಣಿಗಳು, ಕೊಕ್ಕಿನ ಕೆಳಗೆ ಚೀಲ ಜೋತುಬಿದ್ದ ದೊಡ್ಡ ಹಕ್ಕಿಗಳು. ಗಾಳಿಯಲ್ಲಿ ಉಪ್ಪಿನ ವಾಸನೆ. ಮೂರು ವರ್ಷದಲ್ಲಿ ನಾನು ಅಷ್ಟು ನೀರು ನೋಡಿರಲಿಲ್ಲ. ಇನ್ನೊಂಚೂರು ಮುಂದೆ, ಆ ತಿರುವಿನವರೆಗೆ ಎನ್ನುತ್ತ ಅವಳನ್ನು ಎಳೆದುಕೊಂಡು ಹೋದೆ. ಅವಳು ಎರಡು ಸಲ ಫೋನಿನಲ್ಲಿ ಹೊತ್ತು ನೋಡಿದಳು. ಹಿಂದಿರುಗುವಾಗ ಒಂದೂವರೆ ಗಂಟೆ ಕಳೆದಿತ್ತು.

ಡಿಕ್ಕಿ ತೆರೆದಾಗ ಒಲೆಯ ಬಾಯಿ ತೆರೆದಂತೆ ಬಿಸಿ ಮುಖಕ್ಕೆ ಬಡಿಯಿತು. ಅವಳು ನೀಲಿ ಹೊತ್ತಿಗೆಯನ್ನು ಎತ್ತಿಕೊಂಡು, ಅಲ್ಲೇ ಕಾರಿಗೆ ಒರಗಿ ಬಿಡಿಸಿದಳು. ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಒಂದೊಂದು ಗೊಂಬೆಯೂ ಮುದುಡಿ ಅಂಚು ಮೇಲೆದ್ದಿತ್ತು. ಮುದುಕಿಯ ಮುಖ ಒಳಕ್ಕೆ ಸುರುಳಿಯಾಗಿತ್ತು. ಕತ್ತೆಯ ಹಿಂಗಾಲು ಕೀಲಿನ ಬಳಿ ಸೀಳಿತ್ತು. ಅವಳು ಅಂಗೈಯಿಂದ ಮುದುಕಿಯನ್ನು ನೇರ ಮಾಡಲು ನೋಡಿದಳು; ಸಣ್ಣದೊಂದು ಚಟ್ ಸದ್ದಾಯಿತು. ಕೂಡಲೇ ಕೈ ತೆಗೆದಳು.

“ನನ್ನ ತಪ್ಪು,” ಎಂದೆ.

ಅವಳು ಹೊತ್ತಿಗೆ ಮುಚ್ಚಿದಳು. ಒಳಗಿನಿಂದ ಯಾರೋ ಬಂದು, ಬನ್ನಿ, ಎಲ್ಲರೂ ಕಾಯುತ್ತಿದ್ದಾರೆ ಎಂದರು.

ಒಳಗೆ ನಲವತ್ತು ಜನ ಹಿರಿಯರು. ಕೆಲವರು ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹಲವರು ಇಂಜಿನಿಯರ್ ಮಕ್ಕಳ ತಂದೆತಾಯಿ. ಅವಳು ಆಟ ಬಿಡಲಿಲ್ಲ. ಮುದುಡಿದ ಗೊಂಬೆ ಪರದೆಗೆ ಒರಗದು; ನೆರಳು ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಮಂಜು. ನಾನು ಕತ್ತೆಯ ಕಾಲು ಕಳಚದಂತೆ ಬೆರಳಿನಿಂದ ಹಿಡಿದಿದ್ದೆ. ಪರದೆಯ ಮೇಲೆ ಆ ಬೆರಳೂ ಕಂಡಿರಬೇಕು. ಅವಳು ಮಾತಾಡಿದಂತೆ ಪರದೆಯಾಚೆ ನಗು ಬಂತು, ಆದರೆ ನಗಬೇಕಾದ ಜಾಗದಲ್ಲಲ್ಲ. ಕೊನೆಗೆ ಎಂಬತ್ತರ ಒಬ್ಬ ಅಜ್ಜ ಎದ್ದು ನಿಂತು ಚೈನೀಸಿನಲ್ಲಿ ಬಹಳ ಹೊತ್ತು ಏನೋ ಹೇಳಿದರು. ಅವಳು ಕೈ ಕಟ್ಟಿಕೊಂಡು ಕೇಳಿದಳು, ತಲೆ ಬಾಗಿಸಿದಳು. ಅವರೆಲ್ಲ ಚಪ್ಪಾಳೆ ತಟ್ಟಿ, ಹಣ್ಣು ಕೊಟ್ಟು ಕಳಿಸಿದರು.

ಅರ್ಧ ದಾರಿಗೆ ಬಂದ ಮೇಲೆ ನಾನೇ ಕೇಳಿದೆ. “ಆ ಅಜ್ಜ ಏನಂದ್ರು?”

“ನೆರಳು ಹೀಗಿರಲ್ಲ ಮಗಳೇ, ಅಂದ್ರು.” ಕಿಟಕಿಯಾಚೆ ನೋಡುತ್ತಲೇ ಹೇಳಿದಳು. “ಅದು ನಿಮ್ಮಿಂದ. ಇನ್ನೊಂದು ಹೇಳಿದ್ರು, ಅದು ನಿಮ್ಮಿಂದ ಅಲ್ಲ. ಎಪ್ಪತ್ತು ವರ್ಷದ ಮುದುಕಿ ಹೀಗೆ ಮಾತಾಡಲ್ಲ, ಅಂದ್ರು. ಅದಕ್ಕೇ ಎಲ್ರೂ ನಗ್ತಿದ್ದಿದ್ದು. ನಾನು ಬಂದಾಗ ನಂಗೆ ಒಂಬತ್ತು ವರ್ಷ. ಆಮೇಲೆ ಅಮ್ಮನ ಹತ್ರ ಊಟ ಆಯ್ತಾ, ಸ್ನಾನ ಆಯ್ತಾ, ಅಷ್ಟೇ. ನನ್ನ ಚೈನೀಸಿಗೆ ಇನ್ನೂ ಒಂಬತ್ತೇ ವರ್ಷ.”

ಅವಳ ಮನೆಯ ಮುಂದೆ ಇಳಿಸಿದಾಗ ಹೊತ್ತಿಗೆಯನ್ನು ಎದೆಗೊತ್ತಿಕೊಂಡು, “ಇನ್ನು ನೀವು ಬರೋದು ಬೇಡ,” ಎಂದು ಹೋದಳು. ಜ್ಯೇಜ್ಯೇ ಎನ್ನಲಿಲ್ಲ.

ಆಮೇಲಿನ ಎರಡು ವಾರ ಹೇಗೆ ಕಳೆದೆನೋ. ಫ್ರಿಜ್ ಖಾಲಿ ಮಾಡಿ ತೊಳೆದೆ, ಮತ್ತೆ ತೊಳೆದೆ. ಲೈಬ್ರರಿಗೆ ದಿನಾ ಹೋದೆ. ಅವಳು ಕೆಲಸದ ಹೊತ್ತು ಬದಲಿಸಿಕೊಂಡಿದ್ದಳು. ಇಂಟರ್‌ನೆಟ್ಟಿನಲ್ಲಿ ಗೊಂಬೆಯ ತೊಗಲು ಮುದುಡಿದರೆ ಏನು ಮಾಡಬೇಕೆಂದು ಹುಡುಕಿದೆ. ಒಬ್ಬೊಬ್ಬರದು ಒಂದೊಂದು ಮಾತು. ಆದರೆ ಓದುತ್ತ ಓದುತ್ತ ಒಂದು ವಿಷಯ ಹೊಳೆಯಿತು. ಧಾರವಾಡದಲ್ಲಿ ಪ್ರತಿ ವರ್ಷ ನಾನು ಮಕ್ಕಳಿಂದ ಗಿಡದ ಎಲೆಗಳನ್ನು ಒತ್ತಿಸಿ ಇಡಿಸುತ್ತಿದ್ದೆ. ಹಳೇ ಪೇಪರು, ಎರಡು ಹಲಗೆ, ಮೇಲೆ ಭಾರ, ದಿನಾ ಪೇಪರ್ ಬದಲಿಸುವುದು. ಒಣಗಿ ಸುರುಳಿಯಾದ ಎಲೆಯನ್ನೂ ತೇವ ತೋರಿಸಿ ಬಿಡಿಸಿದ್ದುಂಟು. ತೊಗಲು ಎಲೆಯಲ್ಲ. ಆದರೂ.

ಅವಳ ಅಮ್ಮನದು ಬಟ್ಟೆ ಆಲ್ಟರೇಶನ್ ಅಂಗಡಿ, ಲಾಂಡ್ರಿಯ ಪಕ್ಕ, ಒಂದು ಮಶೀನು ಹಿಡಿಯುವಷ್ಟೇ ಜಾಗ. ಒಂದು ಬೆಳಗ್ಗೆ ಅಲ್ಲಿಗೆ ಹೋದೆ. ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಪ್ಯಾಂಟು ಮಡಚುತ್ತಿದ್ದ ಸಣ್ಣ ದೇಹದ ಹೆಂಗಸು ನನ್ನನ್ನು ನೋಡಿ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟರು.

“ನೀನು ಡ್ರೈವರ್,” ಎಂದರು.

“ಹೌದು, ಆಂಟಿ. ಗೊಂಬೆ ಹಾಳಾಗಿದ್ದು ನನ್ನಿಂದ.”

“ಗೊತ್ತು.” ಅವರ ಇಂಗ್ಲಿಷಿನಲ್ಲಿ ಎರಡು ಮೂರು ಪದಕ್ಕೊಂದು ನಿಲುಗಡೆ. “ಹಾಳಾಗಲಿ. ಒಳ್ಳೇದು. ನಮ್ಮಪ್ಪ ವರ್ಷಕ್ಕೆ ಒಂಬತ್ತು ತಿಂಗಳು ಗೊಂಬೆ ಹೊತ್ತು ಹೋಗ್ತಿದ್ದ. ಜನ ಎಲ್ಲ ಅಂತಿದ್ರು, ನಿಮ್ಮಪ್ಪ ಎಷ್ಟು ನಗಿಸ್ತಾನೆ. ನಮ್ಮಮ್ಮನ್ನ ನಗಿಸಿದ್ದು ನಾನು ನೋಡಿಲ್ಲ. ನಮ್ಮಮ್ಮ ಸತ್ತಾಗಲೂ ಅವನು ಯಾವ ಊರಲ್ಲೋ. ಈಗ ಮಗಳು ಅದನ್ನೇ ಹಿಡ್ಕೊಂಡಿದ್ದಾಳೆ.” ಕತ್ತರಿ ಎತ್ತಿ ಮತ್ತೆ ಇಟ್ಟರು. “ಹಾಸಿಗೆ ಕೆಳಗೆ ಇಟ್ಟಿದ್ದಾಳೆ. ಬೇಕಾದ್ರೆ ತಗೊಂಡು ಹೋಗು. ಅವಳು ನೋಡೋದೂ ಇಲ್ಲ.”

ಒಂದು ಕ್ಷಣ ಒಪ್ಪಿಬಿಡುತ್ತಿದ್ದೆ. ಕೈ ಅಷ್ಟು ಹಾತೊರೆಯುತ್ತಿತ್ತು. “ಬೇಡ, ಆಂಟಿ. ಅವಳು ಕೊಟ್ಟರೆ ಮಾತ್ರ,” ಎಂದು ಅಂಗಡಿಯ ಚೀಟಿಯೊಂದನ್ನು ಕೇಳಿ ತೆಗೆದುಕೊಂಡು ಅವಳಿಗೆ ಬರೆದುಕೊಟ್ಟೆ: ನಾನು ವಿಜ್ಞಾನದ ಟೀಚರ್. ಎಲೆ ಒತ್ತಿ ನೆಟ್ಟಗೆ ಮಾಡುವುದು ಗೊತ್ತು. ತೊಗಲು ಗೊತ್ತಿಲ್ಲ. ಯಾವ ಗೊಂಬೆ ಹೋದರೂ ಪರವಾಗಿಲ್ಲವೋ ಅದೊಂದನ್ನು ಕೊಟ್ಟು ನೋಡು.

ನಾಲ್ಕನೆಯ ದಿನ ಅವಳು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ. ಬಾಗಿದ ಮರದ ಗೊಂಬೆಯನ್ನು ಕೈಗಿಟ್ಟು, “ಇದು ಆಟದಲ್ಲಿ ಎರಡು ನಿಮಿಷ ಬರುತ್ತೆ ಅಷ್ಟೇ,” ಎಂದು ಹೋದಳು.

ಒದ್ದೆ ಬಟ್ಟೆ ಹಿಂಡಿ, ಅದರ ಮೇಲೆ ಪೇಪರು, ಪೇಪರಿನ ಮೇಲೆ ಮರ. ಒಂದು ಮಧ್ಯಾಹ್ನ ಹಾಗೇ ಬಿಟ್ಟೆ. ಮೆತ್ತಗಾಗತೊಡಗಿದಾಗ ಎರಡು ಕಪಾಟಿನ ಹಲಗೆಗಳ ನಡುವೆ ಇಟ್ಟು ಮೇಲೆ ಅಕ್ಕಿ ಚೀಲ ಏರಿಸಿದೆ. ಮಕ್ಕಳಿಗೆ ಹೇಳುತ್ತಿದ್ದುದು ನೆನಪಿತ್ತು: ಪದೇಪದೇ ತೆಗೆದು ನೋಡಬೇಡಿ. ನಾನು ದಿನಕ್ಕೆ ಮೂರು ಸಲ ತೆಗೆದು ನೋಡಿದೆ. ಗಂಡ ಆಫೀಸಿನಿಂದ ಬಂದವರೇ ಶೂ ಕಳಚುವ ಮೊದಲು, “ಏನಂತೈತಿ ನಿನ್ನ ಗಿಡ?” ಎಂದು ಕೇಳುತ್ತಿದ್ದರು. ಆರನೆಯ ದಿನ ಹಲಗೆ ಎತ್ತಿದಾಗ ಮರ ಚಪ್ಪಟೆಯಾಗಿ ಮಲಗಿತ್ತು. ಎಲೆಯ ತುದಿಯೊಂದು ಇನ್ನೂ ಎದ್ದಿತ್ತು. ಕೆಳಗಿನ ಪೇಪರಿಗೆ ಒಂದಿಷ್ಟು ಹಸಿರು ಹತ್ತಿತ್ತು. ಬೆಳಕಿಗೆ ಹಿಡಿದೆ, ಬಣ್ಣ ತೆಳುವಾಗಿತ್ತು, ನೆರಳು ಸರಿಯಿತ್ತು.

ಫೋಟೊ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವಳು ನೀಲಿ ಹೊತ್ತಿಗೆಯೊಂದಿಗೆ ಬಂದಳು. ಈ ಸಲ ಒಳಗೆ ಬಂದು ನೆಲದ ಮೇಲೆ ಕೂತಳು. ಸೆಪ್ಟೆಂಬರ್ ಪೂರ್ತಿ ನಮ್ಮ ಹಾಲಿನಲ್ಲಿ ಹಲಗೆ, ಪೇಪರು, ಅಕ್ಕಿ ಚೀಲ. ಅಧಿಕಾರಿಯ ಅಂಗಿಯ ಕೆಂಪು ಪೂರಾ ಹರಡಿ ಅವನ ಮುಖವೂ ಕೆಂಪಾಯಿತು. ಅವಳು ತುಟಿ ಕಚ್ಚಿಕೊಂಡು ಅವನನ್ನು ಪಕ್ಕಕ್ಕಿಟ್ಟಳು. ಹನ್ನೊಂದರಲ್ಲಿ ಒಂಬತ್ತು ನೆಟ್ಟಗಾದವು. ಕತ್ತೆ ಚಪ್ಪಟೆಯಾದರೂ ಕಾಲು ಸೀಳಿದ್ದು ಸೀಳಿದ್ದೇ. ನಾನು ದಪ್ಪ ದಾರದಿಂದ ಹೊಲಿದೆ. ಎರಡು ಸಲ ಆಡಿಸುವಷ್ಟರಲ್ಲಿ ಹೊಲಿಗೆ ಬಿಟ್ಟುಕೊಂಡಿತು.

ಅವಳು ಅದನ್ನು ಮನೆಗೆ ಒಯ್ದಳು. ಏನಾಯಿತೆಂದು ಮಾರನೆಯ ದಿನ ಹೇಳಿದಳು. ಅಮ್ಮ ಅಡುಗೆ ಮಾಡುತ್ತಿದ್ದವರು ಮೇಜಿನ ಮೇಲಿದ್ದ ಕತ್ತೆಯನ್ನು ದಾಟಿ ಹೋದರಂತೆ, ಹಿಂದೆ ಬಂದರಂತೆ, ಮತ್ತೆ ದಾಟಿ ಹೋದರಂತೆ. ಕೊನೆಗೆ ಒಲೆ ಆರಿಸಿ, ಕೈ ಒರೆಸಿಕೊಂಡು, “ಯಾರು ಹೊಲಿದದ್ದು ಇದನ್ನ? ಚೀಲ ಹೊಲಿದ ಹಾಗೆ ಹೊಲಿದಿದ್ದಾರೆ,” ಎಂದು ನನ್ನ ದಾರವನ್ನೆಲ್ಲ ಕತ್ತರಿಸಿ ಹಾಕಿದರಂತೆ. ಮೇಣ ಸವರಿದ ನೂಲು ತೆಗೆದು, ಎರಡೂ ಕಡೆ ಗಂಟು ಬರುವಂತೆ, ಕೀಲು ತಿರುಗುವಂತೆ ಕಟ್ಟಿದರಂತೆ. ಚಿಕ್ಕವರಿದ್ದಾಗ ಅಪ್ಪನ ಗೊಂಬೆಗಳ ಕೀಲುಗಳನ್ನೆಲ್ಲ ಕಟ್ಟುತ್ತಿದ್ದುದು ಅವರೇ. ಮಗಳಿಗೆ ಇದು ಅಂದಿನವರೆಗೆ ಗೊತ್ತಿರಲಿಲ್ಲ.

“ಆಮೇಲೆ ಏನಂದ್ರು?” ಎಂದೆ.

“ಅನ್ನ ತಣ್ಣಗಾಯ್ತು, ಬಿಸಿ ಮಾಡ್ಕೊ ಅಂದ್ಲು.”

ಅಕ್ಟೋಬರಿನಲ್ಲಿ ಆಸ್ಟಿನ್ನಿಗೆ ಹೋದೆವು. ಗೊಂಬೆಯ ಹೊತ್ತಿಗೆ ದಾರಿಯುದ್ದಕ್ಕೂ ಅವಳ ತೊಡೆಯ ಮೇಲಿತ್ತು. ಎಸಿಯ ಗಾಳಿ ನೇರ ತಾಗದಂತೆ ಅಂಗೈ ಅಡ್ಡ ಹಿಡಿದಿದ್ದಳು. ಶಾಲೆಯ ಊಟದ ಹಾಲಿನಲ್ಲಿ ಆಟ. ಈ ಸಲ ಪೂರ್ತಿ ಇಂಗ್ಲಿಷಿನಲ್ಲಿ ಆಡಿಸಿದಳು. ಶುರುವಿನಲ್ಲೇ ಮುಂದೆ ಬಂದು, “ನಮ್ಮಜ್ಜನ ಭಾಷೆ ನನಗೆ ಅರ್ಧಂಬರ್ಧ ಬರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳ್ತೀನಿ,” ಎಂದಳು. ದೊಡ್ಡ ಗೆಲುವೇನೂ ಆಗಲಿಲ್ಲ. ಹಿಂದಿನ ಸಾಲಿನ ಮಕ್ಕಳು ಒಬ್ಬರನ್ನೊಬ್ಬರು ಚಿವುಟಿಕೊಳ್ಳುತ್ತಿದ್ದರು. ಮುಂದಿನವರು ಕತ್ತೆಗೆ ನಕ್ಕರು. ಆಟವಾದ ಮೇಲೆ ಪರದೆಯ ಹಿಂದೆ ಬಂದು ಮುಟ್ಟಿ ನೋಡಲು ಬಿಟ್ಟೆವು. ಎರಡು ಜಡೆಯ ಒಂದು ಹುಡುಗಿ ಮುದುಕಿಯನ್ನು ಹತ್ತಿರದಿಂದ ನೋಡಿ, ಅಂಚಿನ ತೂತುಗಳ ಮೇಲೆ ಬೆರಳಾಡಿಸಿ ಕೇಳಿದಳು: “ಇದನ್ನ ಕತ್ತರಿಸಿದ್ದು ಯಾರು?”

“ನಮ್ಮಜ್ಜನ ಹತ್ರ ಇತ್ತು.”

“ಅವರು ಕತ್ತರಿಸಿದ್ರಾ?”

“ಇಲ್ಲ. ಅವರು ಆಡಿಸ್ತಿದ್ರು.”

“ಮತ್ತೆ ಯಾರು?”

“ಗೊತ್ತಿಲ್ಲ,” ಎಂದಳು. ಶುರುವಿನಲ್ಲಿ ಹೇಳಿದ್ದಂತೆಯೇ ಹೇಳಿದಳು, ಆದರೆ ಮುಖದ ಬಣ್ಣ ಇಳಿಯಿತು.

ಡಾಲಸ್ಸಿನ ದಾರಿಯಲ್ಲಿ ಟ್ರಾಫಿಕ್ ಸಿಕ್ಕಿ ಮೂರು ಗಂಟೆಯ ಹಾದಿ ಐದು ಗಂಟೆಯಾಯಿತು. ಅವಳು ಕೂತಲ್ಲಿ ಮಿಸುಕಾಡುತ್ತಲೇ ಇದ್ದಳು. “ಹನ್ನೊಂದು ಇತ್ತು, ಒಂಬತ್ತಾಯ್ತು. ಇನ್ನು ಹತ್ತು ವರ್ಷಕ್ಕೆ? ನಂಗೆ ಒಂದು ಕತ್ತೆ ಕಿವೀನೂ ಕೆತ್ತೋಕೆ ಬರಲ್ಲ. ಇರೋದನ್ನ ತೋರಿಸ್ಕೊಂಡು ತಿರುಗ್ತಿದ್ದೀನಿ ಅಷ್ಟೇ.” ನಾನು, ನಿಧಾನಕ್ಕೆ ಕಲಿಯಬಹುದು ಎಂದೆ. “ನಿಧಾನ ಅಂತ ನೀವು ಹೇಳ್ತಿದ್ದೀರಾ?” ಎಂದಳು. ಇಬ್ಬರೂ ನಕ್ಕೆವು. ಕ್ಲಿಯರ್ ಲೇಕಿನ ನಂತರ ಅದೇ ಮೊದಲು.

ಅವಳು ಮಾರ್ಚ್‌ನಲ್ಲಿ ಚೀನಾಕ್ಕೆ ಹೊರಟಳು. ಅಜ್ಜನ ಊರಿನ ಪಕ್ಕದ ಪಟ್ಟಣದಲ್ಲಿ ತೊಗಲು ಕೆತ್ತುವ ಒಬ್ಬ ಮುದುಕಿಯನ್ನು ನಾಲ್ಕು ತಿಂಗಳು ಹುಡುಕಿ, ಬರೆದು, ಒಪ್ಪಿಸಿದ್ದಳು. ಹೊರಡುವ ವಾರದವರೆಗೂ ಅಮ್ಮ ಮಾತು ಬಿಟ್ಟಿದ್ದರು. ಆ ಹೊತ್ತಿಗೆ ನಮ್ಮ ಕಾಗದಗಳು ಬಂದು, ನನಗೂ ಕೆಲಸದ ಪರವಾನಗಿ ಸಿಕ್ಕಿ, ನಾವು ಹತ್ತಿರದ ಫ್ಲವರ್ ಮೌಂಡ್ ಎಂಬ ಊರಿಗೆ ಮನೆ ಬದಲಿಸಿದ್ದೆವು. ಅಲ್ಲಿನ ಶಾಲೆಗಳಲ್ಲಿ ಟೀಚರ್ ರಜೆ ಹಾಕಿದ ದಿನ ಬದಲಿಗೆ ಹೋಗುವ ಕೆಲಸ ನನ್ನದು. ಬೆಳಗ್ಗೆ ಐದೂವರೆಗೆ ಫೋನ್ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಫೋನ್ ಬಾರದ ದಿನ ಇವತ್ತಿಗೂ ನಾನು ಆರಕ್ಕೇ ಎದ್ದು ಮನೆಯೆಲ್ಲ ಗುಡಿಸುತ್ತೇನೆ. ಗುಡಿಸಿದ್ದನ್ನೇ ಗುಡಿಸುತ್ತೀ ಎನ್ನುತ್ತಾರೆ ಗಂಡ.

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ಅವಳ ಅಮ್ಮ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಚೀಲ ಕಿತ್ತಳೆ. ಸೋಫಾದ ತುದಿಯಲ್ಲಿ ಕೂತರು, ಎದ್ದರು, ಕಿಟಕಿಯವರೆಗೆ ಹೋಗಿ ಬಂದರು.

“ನನಗೆ ಫೋನ್ ಮಾಡಿದ್ರೆ ಚೆನ್ನಾಗಿದ್ದೀನಿ ಅಂತಾಳೆ, ಇಡ್ತಾಳೆ. ನಿನಗೆ ಎಲ್ಲ ತೋರಿಸ್ತಾಳೆ,” ಎಂದರು.

“ಹೌದು, ಆಂಟಿ.”

“ತೋರಿಸು ಅನ್ನು.”

ನಾನು ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಆಗಲೇ ರಾತ್ರಿ. ಹುಡುಗಿ ಒಂದು ತಗ್ಗು ಮೇಜಿನ ಮುಂದೆ ಕೂತಿದ್ದಳು, ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡು. ಹಿಂದೆ ಚೌಕಟ್ಟಿಗೆ ಬಿಗಿದ ತೊಗಲು. ಅಮ್ಮ ಪಕ್ಕದಲ್ಲಿರುವುದು ಅವಳಿಗೆ ಕಾಣುತ್ತಿರಲಿಲ್ಲ. “ನೋಡಿ ಜ್ಯೇಜ್ಯೇ, ಇದು ನಾಲ್ಕನೇ ಮುಖ. ಕಣ್ಣು ಬರ್ತಾನೇ ಇಲ್ಲ. ಕೆತ್ತೋಕೆ ಹೋದ್ರೆ ಹರಿಯುತ್ತೆ. ಕಲಿಸೋ ಅಜ್ಜಿ ಬೈದು ಎದ್ದು ಹೋದ್ರು. ನಂಗೆ ಇದು ಆಗುತ್ತೋ ಇಲ್ವೋ,” ಎಂದು ಚಾಕು ಊರಿ ತೋರಿಸಿದಳು.

ಅವಳ ಅಮ್ಮ ಥಟ್ಟನೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಆಮೇಲೆ ಅಲ್ಲಿ ಆದದ್ದೆಲ್ಲ ಅವರ ಭಾಷೆಯಲ್ಲಿ, ಎರಡೂ ಕಡೆಯಿಂದ ಏರು ದನಿಯಲ್ಲಿ. ನನಗೆ ಅರ್ಥವಾಗದಿದ್ದರೂ ಅಮ್ಮನ ಎಡಗೈ ಕಾಣುತ್ತಿತ್ತು: ಗಾಳಿಯಲ್ಲಿ ಒಂದು ಕಾಣದ ಚಾಕುವನ್ನು ನೆಟ್ಟಗೆ ಹಿಡಿದು ನಿಲ್ಲಿಸಿ, ಇನ್ನೊಂದು ಬೆರಳಿನಿಂದ ಕಾಣದ ತೊಗಲನ್ನು ಮೆಲ್ಲಗೆ ತಿರುಗಿಸುವುದು. ಚಾಕು ಕದಲಬಾರದು, ತೊಗಲು ಕದಲಬೇಕು. ಅಷ್ಟು ನನಗೂ ತಿಳಿಯಿತು. ಚಿಕ್ಕಂದಿನಲ್ಲಿ ಕೀಲು ಕಟ್ಟುತ್ತಿದ್ದವರು ಕೆತ್ತುವುದನ್ನೂ ಎಲ್ಲೋ ನೋಡಿ ಕಲಿತಿರಬೇಕು. ಅತ್ತ ಕಡೆ ಮಗಳು ತಲೆ ತಗ್ಗಿಸಿ ಮಾಡುತ್ತಿದ್ದಳು. ಅಮ್ಮ ಫೋನನ್ನು ಕಣ್ಣಿಗೆ ತೀರ ಹತ್ತಿರ ಹಿಡಿದುಕೊಂಡು ನಿಂತೇ ಇದ್ದರು.

ನಾನು ಚಹಕ್ಕಿಡಲು ಒಳಗೆ ಹೋದೆ. ಶುಂಠಿ ಜಜ್ಜುತ್ತಿರುವಾಗ ಹಾಲಿನಿಂದ ಅವರ ದನಿ ಮತ್ತೆ ಏರಿತು, ಬೈಗುಳದಂತೆ. ಗಂಡ ಮಹಡಿಯಿಂದ ಇಳಿದು ಬಂದು, ಗಾಬರಿಯಾಗಿ, “ಜಗಳಾ ಏನ? ಬಿಡಸ್ಬೇಕೇನು?” ಎಂದು ಪಿಸುಗುಟ್ಟಿದರು.

“ಬ್ಯಾಡ್ರಿ,” ಎಂದೆ. “ಇನ್ನೊಂದು ಕಪ್ ನೀರು ಹಾಕ್ತೀನಿ. ಅವರು ಇನ್ನೂ ಭಾಳ ಹೊತ್ತು ಇರ್ತಾರ.”